ಕಪ್ಪು ಬೆರೆಸಬೇಡ

ಮೂರನೇ ಸಲ ವಾಪಸು ಬಂದಿದ್ದಾಳೆ.
ಏಳು ಕೆರೆಗಳ ತಳದ ಊರಿಗೆ ಕಾವಲುಗಾರ್ತಿ,
ಆಟದ ಕಂಪನಿಯ ಕಥೆಯಲ್ಲಿ ಮುನ್ನೂರು ವರ್ಷದವಳು,
ನನ್ನ ಪರದೆಯಲ್ಲಿ ಒಂಬತ್ತು ದಿನದ ಕೂಸು.
ಜೊತೆಗೊಂದು ಸಾಲು: ಮೈ ನೀಲಿ ಸರಿ, ಜೀವ ಇಲ್ಲ.

ಕೌಲ್ ಬಜಾರಿನ ಮಾಳಿಗೆ ಕೋಣೆ, ಏಪ್ರಿಲ್ಲಿನ ಮೂರು ಗಂಟೆ.
ಫ್ಯಾನು ಬಿಸಿಯನ್ನೇ ತಿರುವಿ ಹಾಕುತ್ತಿದೆ.
ಬೆವರಿದ ಅಂಗೈ ಟ್ಯಾಬ್ಲೆಟ್ಟಿಗೆ ಅಂಟದ ಹಾಗೆ
ಹಳೇ ಕಾಲುಚೀಲದ ಮೂತಿ ಕತ್ತರಿಸಿ ಕೈಗೆ ತೊಟ್ಟಿದ್ದೇನೆ.
ನೆರಳಿಗೆ ಕಪ್ಪು ಬೆರೆಸಿದೆ, ಶಾಯಿ ಚೆಲ್ಲಿದ ಗೋಡೆಯಾದಳು.
ಬೆಳಕಿಗೆ ಬಿಳಿ ಒರೆಸಿದೆ, ಸುಣ್ಣ ಬಳಿದ ಡ್ರಮ್ಮಾದಳು.
ಪದರದ ಮೇಲೆ ಪದರ, ಹನ್ನೊಂದು ಪದರ.
ಮಜ್ಜಿಗೆ ಇಟ್ಟು ಹೋಗುವಾಗ ಅವ್ವ ಬಗ್ಗಿ ನೋಡಿ,
"ಯಾರವ್ವ ಈಕಿ? ವಿಷ ಕುಡಿದಾಕಿ ಇದ್ದಂಗ ಅದಾಳ."

ಸಂಜೆ ಕೆಳಗಿನ ನಲ್ಲಿಯ ಸದ್ದು.
ಎರ್ರಿಸ್ವಾಮಿ ಮಾವ ಕೈ ತೊಳೆಯುತ್ತಿದ್ದಾನೆ.
ಜೀನ್ಸ್ ವಾಷಿಂಗಿನಲ್ಲಿ ಹದಿನಾಲ್ಕು ವರ್ಷ:
ಸೋಪು, ನಿಂಬೆಸಿಪ್ಪೆ, ಸೀಮೆಎಣ್ಣೆ,
ಯಾವುದಕ್ಕೂ ಜಗ್ಗದೆ ಮಣಿಕಟ್ಟಿನ ತನಕ ನೀಲಿ.
ಮದುವೆಮನೆಯಲ್ಲಿ ಟವೆಲ್ಲಿನೊಳಗೆ ಬಚ್ಚಿಟ್ಟು
ಎಲೆಯ ಮುಂದೆ ಮಾತ್ರ ಹೊರಗೆ ತೆಗೆಯುವ ಕೈ.

"ಒಂದ್ ಫೋಟೋ, ಮಾವ. ಬಿಸಿಲಿಗೆ ಹಿಡೀರಿ."
"ಚೊಲೋ ಕೈ ಸಿಗಲಿಲ್ಲೇನು ನಿನಗ?"
ಅಂದರೂ ಹಿಡಿದ.

ಇಳಿಬಿಸಿಲು ಬೆರಳ ಸಂದಿಯಲ್ಲಿ ತೂರಿತು.
ಎರಡು ಬೆರಳು ಕೂಡುವ ತೆಳುತೊಗಲಿನಲ್ಲಿ
ನೀಲಿ ಒಡೆದು ಕೆಂಪು ಹೊತ್ತಿಕೊಂಡಿತು.
ಚಹಾದ ಗ್ಲಾಸು ಒತ್ತಿ ಹಿಡಿದಾಗ ಹೆಬ್ಬೆರಳು ಬೂದಿ,
ಬಿಟ್ಟಾಗ ರಕ್ತ ಮರಳಿ ಬದನೆಕಾಯಿ.
ಗೆಣ್ಣುಗಳ ಮಡಿಕೆಯಲ್ಲಿ ಬಣ್ಣ ಮಡುಗಟ್ಟಿತ್ತು
ಕಾಲುವೆ ನಿಂತ ಮೇಲೆ ಗುಂಡಿಯಲ್ಲಿ ಉಳಿದ ನೀರಿನಂತೆ.

ಮೇಲೆ ಬಂದು ಫೋಟೋದ ಮೇಲೆ
ಬಣ್ಣ ಹೀರುವ ಕೊಳವೆ ಊರಿದೆ.
ನೀಲಿ ಬರಲಿಲ್ಲ.
ಬಂದದ್ದು ಒದ್ದೆ ಬೂದಿ, ಸ್ವಲ್ಪ ಕಂದು.
ಇನ್ನೊಂದು ಕಡೆ ಊರಿದೆ. ಮತ್ತೂ ಬೂದಿ.
ಹಿಂದಿದ್ದ ಕಾವಿಗೋಡೆಯೇ
ಆ ಬೂದಿಯನ್ನು ನನ್ನ ಕಣ್ಣಲ್ಲಿ ನೀಲಿ ಮಾಡಿತ್ತು.
ಇಷ್ಟು ವರ್ಷ ನಾನು ನೋಡಿದ್ದು ಕೈಯನ್ನೋ, ಗೋಡೆಯನ್ನೋ?

ಅಳಿಸಿ ಮೊದಲಿಂದ ಶುರು.
ತಳಕ್ಕೆ ರಕ್ತ: ಕಿವಿಯಂಚು, ಮೂಗಿನ ತುದಿ, ಕಣ್ಣಿನ ಮೂಲೆ.
ಅದರ ಮೇಲೆ ತೆಳ್ಳಗೆ ಬೂದಿ, ಉಸಿರು ಬಿಟ್ಟ ಕನ್ನಡಿಯಷ್ಟು.
ನೆರಳಿಗೆ ಕಪ್ಪಲ್ಲ, ಬದನೆ. ಗದ್ದದ ಕೆಳಗೆ ನೆಲದ ಕೆಂಪು.
ಅವಳನ್ನು ನೀಲಿ ಮಾಡುವುದು ಬಿಟ್ಟು
ಹಿಂದಿನ ಗೋಡೆಗೆ ಕಾವಿ ಹಚ್ಚುತ್ತಾ ಹೋದೆ.
ರಾತ್ರಿ ಹನ್ನೊಂದಕ್ಕೆ ಅವಳು ನೀಲಿಯಾದಳು,
ಯಾರೋ ಕರೆದ ಹಾಗೆ ತಿರುಗಿ ನೋಡಿದಳು.

ಬೆಳಿಗ್ಗೆ ಮಾವನಿಗೆ ತೋರಿಸಿದೆ.
ಅವನು ಮುಖ ನೋಡಲಿಲ್ಲ,
ಈಟಿ ಹಿಡಿದ ಕೈಯನ್ನೇ ನೋಡಿದ.
"ಉಗುರು ತಪ್ಪೈತವ್ವ.
ಇಡೀ ಉಗುರು ಒಂದೇ ನೀಲಿ ಇರಂಗಿಲ್ಲ.
ಯುಗಾದಿಗೆ ವಾರ ಬಿಟ್ಟಿದ್ರಲ್ಲ,
ನೋಡು, ಬುಡದಾಗ ಬೆಳ್ಳಗ ಒಂದು ಗೆರಿ ಬಂದೈತಿ.
ರಜಾ ಎಷ್ಟು ಸಿಕ್ಕೈತಿ ಅಂತ ಉಗುರು ಹೇಳ್ತೈತಿ."

ಅವಳ ನೀಲಿಗೆ ನನಗೆ ಸಿಗುವುದು
ಅವನ ಎರಡು ತಿಂಗಳ ಪಗಾರ. ನಾನದನ್ನು ಹೇಳಲಿಲ್ಲ.
ಅವನೂ ಕೇಳಲಿಲ್ಲ, ಡಬ್ಬಿ ತಗೊಂಡು ಶಿಫ್ಟಿಗೆ ಹೋದ.

ಮುನ್ನೂರು ವರ್ಷದ ಕಾವಲಿನಲ್ಲಿ ಇವಳಿಗೆ
ರಜಾ ಎಷ್ಟು ಅಂತ ಕಂಪನಿಯವರು ಬರೆದಿಲ್ಲ.
ಕುಂಚವನ್ನು ಒಂದು ಚುಕ್ಕಿಗೆ ಇಳಿಸಿಕೊಂಡು
ಹತ್ತು ಬುಡಗಳನ್ನು ಹಿಗ್ಗಿಸಿಕೊಂಡು ಕೂತಿದ್ದೇನೆ.
ಒಂದು ವಾರ ಕೊಡಲೋ,
ಎರಡು ಕೊಡಲೋ.