ಗುಳ್ಳಿಯ ದಾರಿ

ಬೆಳಗಾವಿ, ಉದ್ಯಮಬಾಗದ ಕೊನೀ ಸಾಲಿನ ಫೌಂಡ್ರಿ.
ಮೂರನೇ ಸಲ ವಾಪಸ್ ಬಂತು ಪಂಪಿನ ಹೊಟ್ಟಿ,
ಕೊಲ್ಹಾಪುರದಾವ್ರು ಚಾಕ್‌ಪೀಸಿಲೆ ಗೋಲ ಹಾಕಿ ಕಳಿಸಿದ್ರು:
ಮಾರಿ ತುಂಬ ಗುಳ್ಳಿ,
ಸಿಡುಬು ಆಡಿಹೋದ ಕಬ್ಬಿಣ.

ಮಾದರಿ ಕೆತ್ತಿದಾಂವ ನಾನು, ಮೌನೇಶ ಬಡಿಗೇರ.
ಸಾಗವಾನಿಯಾಗ ಕೂದಲೆಳಿ ತಪ್ಪಿಲ್ಲಂತ
ಎದಿ ತಟ್ಟಿ ಹೇಳಾಂವ.
ಉಸುಕು ಒಣಗಿಲ್ಲ ಅಂದ್ರು. ಒಣಗಿಸಿದಿವಿ.
ಕಬ್ಬಿಣ ಕಾದಿಲ್ಲ ಅಂದ್ರು. ಭಟ್ಟಿ ಬೆಳ್ಳಗಾಗೂತನಕ ಕಾಸಿದಿವಿ.
ಉಸಿರಗಂಡಿ ಸಾಲಂಗಿಲ್ಲ ಅಂದ್ರು,
ಅಚ್ಚಿನ ತುಂಬ ಸೂಜಿ ಚುಚ್ಚಿ ಜರಡಿ ಮಾಡಿದಿವಿ.
ಗುಳ್ಳಿ ಬಂದ ಬಂದ್ವು.
ಮೂವತ್ತು ವರ್ಷ ಅಚ್ಚು ಕುಟ್ಟಿದ ಗುಲಾಬಸಾಬ
ಬೀಡಿ ಹಚ್ಚಿ, "ನನಗ ತಿಳಿದದ್ದು ಇಷ್ಟಕ್ಕ ಮುಗೀತು" ಅಂದ.
ಆ ಮಾತಿಗೆ ನನಗ ಅಂಜಿಕಿ ಬಂತು.

ಉಸುಕು ಸಾಣಿಸಾಕತ್ತಿದ್ದ ಫಕೀರವ್ವ
ತಲಿ ಎತ್ತದ ಕೇಳಿದ್ಲು:
"ಅಲ್ಲರೀ, ಆ ಗುಳ್ಳಿಗೆ ಹೋಗೂದರ ಎಲ್ಲಿಗೈತಿ?"

ಯಾಕ ಬಂತು, ಯಾರ ತಪ್ಪು, ಎಷ್ಟು ನುಕ್ಸಾನ,
ಹದಿನೈದು ದಿನ ನಾವು ಕೇಳಿದ್ದು ಇಷ್ಟ.
ಎಲ್ಲಿಗೆ ಅಂತ ಕೇಳಿರಲಿಲ್ಲ.
ಮ್ಯಾಲಕ್ಕ, ಮತ್ತೆಲ್ಲಿಗೆ?
ಕೂಸಿಗೂ ಗೊತ್ತು.
ಮಾರಿ ಮ್ಯಾಲ ಮಾಡಿ ಎರಕ ಹೊಯ್ದಾವ್ರು ನಾವು.

ಆ ರಾತ್ರಿ ನನ್ನ ಸಾಗವಾನಿ ಬೋರಲ ಹಾಕಿದೆ.
ಎರಡು ಆಸರ ಕಿತ್ತು, ಕಬ್ಬಿಣ ಇಳಿಯೂ ಕೊರಳು ಸರಿಸಿ,
ನನ್ನ ಕೆತ್ತನಿಗೆ ನಾನ ಉಳಿ ಇಟ್ಟಾಗ
ಹಲ್ಲು ಕಚ್ಚಿದ್ದೆ.
ಮರುದಿನ ಅಚ್ಚು ಒಡದು ನೋಡಿದ್ರ
ಮಾರಿ ಬೆಣ್ಣಿಯಂಗ.
ಗುಳ್ಳಿ ಸತ್ತಿರಲಿಲ್ಲ. ಬೆನ್ನಿಗೆ ಹೋಗಿ ಕುಂತಿದ್ವು,
ಲೇಥಿಗೆ ಕೊಟ್ಟು ಹೆರದು ಒಗಿಯೂ
ಅರ್ಧ ಬೆರಳ ದಪ್ಪದಾಗ.

ಇಲ್ಲಿಗೆ ನಿಲ್ಲಿಸಬಹುದಿತ್ತು.
ಆದ್ರ ಬುದ್ಧಿ ಬಂದ ಹಿಂದ ಸೊಕ್ಕೂ ಬರತೈತಿ.
ಮುಂದಿನ ವಾರ ಬಂದ ಗೇರ್ ಡಬ್ಬಿನೂ
ಕೇಳದ, ನೋಡದ, ಬೋರಲ ಹಾಕಿದೆ.
ಬಿರುಕು. ಮೂಲಿಯಿಂದ ಮೂಲಿಗೆ.
ಗುಲಾಬಸಾಬ ಹೊಟ್ಟಿ ಹಿಡಕೊಂಡು ನಕ್ಕ:
"ಊರಾಗಿನ ಎಲ್ಲಾ ಮನಿಗೂ ಒಂದ ಕೀಲಿ ಏನಪಾ?"

ಸಾಣಿಗಿ ಅತ್ತ ಇತ್ತ ತೂಗತಿತ್ತು.
ಫಕೀರವ್ವನ ಬಾಜೂಕ ಡಬ್ಬ ಹಾಕಿದ ಬಕೆಟ್ಟಿನ ಮ್ಯಾಲ ಕುಂತೆ.
ಉತ್ತರ ಕೇಳಲಿಲ್ಲ.
"ಇದಕ್ಕ ಏನು ಕೇಳಬೇಕವ್ವಾ?" ಅಂದೆ.
ಆಕಿ ಸಾಣಿಗ್ಯಾಗ ಉಳಿದ ಒಂದು ಹೆಂಟಿ ಆರಿಸಿ,
ಒಡಿಲಿಲ್ಲ,
ನನ್ನ ಅಂಗೈಯಾಗ ಇಟ್ಲು.