ಅಡಿಟಿಪ್ಪಣಿ ಮೂವತ್ತೊಂದು

ಅಂಚೆಯ ಗಂಗಿರೆಡ್ಡಿ ಕವರಿನ ಸ್ಟಾಂಪು ತನಗೇ ಬೇಕೆಂದ.
ಕಿತ್ತು ಕೊಟ್ಟೆ.
ಒಳಗೆ ಏಷ್ಯಾ. ಇನ್ನೂರ ಎಂಬತ್ತು ಪುಟ, ಹಾಲುಬಣ್ಣದ ರಟ್ಟು,
ಸಂಪುಟ ನಲವತ್ತೊಂದು, ಸಂಚಿಕೆ ಮೂರು.
ಪರಿವಿಡಿಯಲ್ಲಿ ಸಮರ್ಖಂಡದ ಕಾಗದ,
ಕೊರಿಯಾದ ಉಪ್ಪಿನ ಸುಂಕ,
ಯಾವುದೋ ಬರ್ಮೀ ಶಾಸನದ ಒಂದೇ ಅಕ್ಷರಕ್ಕೆ ಮೂವತ್ತು ಪುಟ,
ಆಮೇಲೆ ನಾವು. ಶಿಡ್ಲಘಟ್ಟ.
ಇನ್ನೂರ ಹನ್ನೊಂದರಿಂದ ಇನ್ನೂರ ಮೂವತ್ತೆಂಟು.

ಹೋದ ವರ್ಷ ಮಿಯಾಕೆ ಮೇಡಂ ಜೊತೆ
ಇಪ್ಪತ್ತಾರು ದಿನ ತಿರುಗಿದ್ದೆ, ದಿನಕ್ಕೆ ಎಂಟುನೂರು.
ಅವರ ಇಂಗ್ಲಿಷು, ನನ್ನ ಕನ್ನಡ, ಖಮರುನ್ನಿಸಾರ ದಖನಿ,
ಒಂದು ಪ್ರಶ್ನೆ ಮೂರು ಕುಣಿಕೆ ದಾಟಿ
ಉತ್ತರವಾಗಿ ಮರಳುವಷ್ಟರಲ್ಲಿ
ಟೀ ಮೇಲೆ ಕೆನೆ ಕಟ್ಟಿರುತ್ತಿತ್ತು.

ಪುಸ್ತಕ ಹಿಡಿದು ಓಡಿದೆ.
ಬೇಸನ್ನಿನಲ್ಲಿ ನೀರು ಕುದಿಯುತ್ತಿತ್ತು, ಬೆಂದ ಹುಳದ ವಾಸನೆ.
ಇವತ್ತು ಹಳದಿ ಗೂಡು; ನಾಳೆ ಬಿಳಿ,
ಅದಕ್ಕೆ ಜಪಾನಿನ ನಂಟು.
"ನಾನೆಲ್ಲಿ ಇದೀನಿ?" ಎಂದರು.
ಹುಡುಕಿದೆ. 'ಬಿಚ್ಚಾಣಿಕೆಯ ದೇಹಜ್ಞಾನ' ಇತ್ತು,
'ಅನೌಪಚಾರಿಕ ವಲಯ' ಇತ್ತು, ಹದಿನಾಲ್ಕು ಸಲ.
ಪುಟದ ತಳದಲ್ಲಿ, ಇರುವೆಸಾಲಿನಂಥ ಅಕ್ಷರದಲ್ಲಿ:
ಮೂವತ್ತೊಂದು. ಸಂದರ್ಶನ, ಮಹಿಳೆ, ಸುಮಾರು ಐವತ್ತು ವರ್ಷ.
"ಇದು."
"ಇಷ್ಟುದ್ದಾನಾ?"
ಬೆರಳಿಟ್ಟು ಅಳೆದರು. ಬೆಂದು ಬೆಂದು ಗೆರೆ ಅಳಿಸಿದ ಬೆರಳು,
ಆಧಾರ್ ಯಂತ್ರ ನಾಲ್ಕು ಸಲ ಒಲ್ಲೆನೆಂದ ಬೆರಳು.
ಹಾಳೆಯ ಮೇಲೆ ಒದ್ದೆ ಉಳಿಯಿತು.
ಅಯ್ಯೋ ಎಂದು ಸೆರಗಿನಲ್ಲಿ ಒತ್ತಿದರು.
ಇರಲಿ ಬಿಡಿ ಅಂದೆ.

"ಓದು, ಏನೇನು ಬರೆದಿದಾಳೆ?"
ಓದಿದೆ, ಅವರಿಗೆ ಹತ್ತುವ ಮಾತಿಗೆ ತಿರುಗಿಸುತ್ತ, ತಡವರಿಸುತ್ತ.
ನೀರಿನ ಬಿಸಿ ಎಂಬತ್ತು ಡಿಗ್ರಿ ಅನ್ನುವಲ್ಲಿ ತಡೆದರು.
"ಸುಳ್ಳು. ಈ ಮನೇಲಿ ಜ್ವರಕ್ಕೂ ಥರ್ಮಾಮೀಟರ್ ಇಲ್ಲ.
ನೀರು ಹೇಳುತ್ತೆ, ಬೆರಳು ಕೇಳುತ್ತೆ.
ಬರೆ ಅವರಿಗೆ."

ಸಂಪಾದಕರಿಗೆ ಬರೆದೆ.
ಆ ಎಂಬತ್ತು ನಾನೇ ಹೇಳಿದ್ದು.
ಎಷ್ಟು ಡಿಗ್ರಿ ಎಂದು ಮೇಡಂ ಕೇಳಿದಾಗ
ಖಮರುನ್ನಿಸಾ "ಅಂದಾಜು" ಅಂದಿದ್ದರು.
ದಖನಿಯಲ್ಲೂ ಕನ್ನಡದಲ್ಲೂ ಅದು ಅಂದಾಜೇ;
ಅಲ್ಲಿಂದಾಚೆ ದಾಟಿಸಲು ನನಗೆ ಇಂಗ್ಲಿಷು ಬರಲಿಲ್ಲ.
ಕಾಗದದಲ್ಲಿ ಇದೊಂದನ್ನು ಬರೆಯಲಿಲ್ಲ.

ಚಳಿಗಾಲದ ಸಂಚಿಕೆ ಬಂತು. ಕೊನೆಯ ಪುಟ, ತಿದ್ದುಪಡಿ:
'ಪುಟ ಇನ್ನೂರ ಹತ್ತೊಂಬತ್ತರಲ್ಲಿ
ಚಿಕ್ಕಬಳ್ಳಾಪುರ ಎಂಬ ಹೆಸರಿನ ಒಂದು ಎಲ್ ಬಿಟ್ಟುಹೋಗಿದೆ.
ವಿಷಾದಿಸುತ್ತೇವೆ.'
ಗಂಗಿರೆಡ್ಡಿ ಈ ಸ್ಟಾಂಪೂ ಒಯ್ದ.

ಮೊದಲಿನದು ಖಮರುನ್ನಿಸಾರ ಮನೆಯಲ್ಲೇ ಇದೆ,
ನೂಲಿನ ಲಡಿಗಳ ಮೇಲೆ, ಭಾರಕ್ಕೆ.
ತಕ್ಕಡಿಗೂ ಹಾಕಿದ್ದರಂತೆ: ನಾನೂರ ಹತ್ತು ಗ್ರಾಂ.
"ಅಷ್ಟು ನೂಲಿಗೆ ಮೂರು ಕೇಜಿ ಗೂಡು ಬೇಕು," ಎಂದರು,
ಕುದಿವ ನೀರಲ್ಲಿ ಒಂದು ಗೂಡಿನ ತುದಿ ಹುಡುಕುತ್ತ.
ಸಿಕ್ಕಲಿಲ್ಲ.
ಇನ್ನೊಮ್ಮೆ ಅದ್ದಿದರು.