ಎಡಗೈ ತಡ

ವಡಗಾವಿಯಿಂದ ಗೋವಾವೇಸಿಗೆ
ಸೈಕಲ್ಲಿನ ಮೇಲೆ ಹದಿನಾಲ್ಕು ನಿಮಿಷ,
ಮಂಜಿದ್ದರೆ ಹದಿನೇಳು.
ಬೆಳಗಿನ ಐದೂವರೆಗೆ ಈ ಊರು
ಮರಾಠಿಯಲ್ಲಿ ಕೆಮ್ಮುತ್ತದೆ,
ಕನ್ನಡದಲ್ಲಿ ಹಾಲು ಹಾಕುತ್ತದೆ.
ನಾನು ಎರಡರಲ್ಲೂ ನಡುಗುತ್ತೇನೆ.

ಆರನೇ ಲೇನು ನನ್ನದು, ಗೋಡೆಯ ಕಡೆಯದು.
ಪಕ್ಕದಲ್ಲಿ ಎಂಟು ವರ್ಷದ ಚಿನ್ಮಯಿ,
ಹಾಲುಹಲ್ಲು ಬಿದ್ದ ಸಂದಿಯಿಂದ ನೀರುಗುಳುತ್ತ
ನನ್ನನ್ನು ದಾಟುತ್ತಾಳೆ, ತಿರುಗುತ್ತಾಳೆ,
ಮತ್ತೆ ದಾಟುತ್ತಾಳೆ.
"ಅಕ್ಕಾ, ನೀ ಯಾವಾಗ ಕಲ್ತಿ?"
ಹೋದ ವರ್ಷ, ಗಣಪತಿ ಕಳಿಸಿದ ಮೇಲೆ.
ಹದಿನಾರು ತುಂಬಿತ್ತು.
ಅವಳು ಬೆರಳೆಣಿಸಿ ನಕ್ಕಳು. ಕೆಟ್ಟ ನಗೆಯಲ್ಲ.

ಮೊದಲ ದಿನ ತಲೆ ಮುಳುಗಿಸಿದಾಗ
ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಮಗ್ಗ
ಥಟ್ಟನೆ ನಿಂತಿತು.
ಯಾರೋ ಸತ್ತರೇನೋ ಎಂದು
ಗಾಬರಿಯಿಂದ ಮೇಲೆದ್ದೆ.
ಎದ್ದವಳು ಮತ್ತೆ ಮುಳುಗಿದೆ.

ಕಾಕತ್ಕರ್ ಸರ್ ಕೊರಳಲ್ಲಿ ಗಡಿಯಾರ.
"ಶಾಕಾಂಬರಿ, ನೀರನ್ನ ಬಡೀಬ್ಯಾಡ, ಹಿಡಿ."
ಹಿಡಿಯಹೋದರೆ ಬೆರಳ ಸಂದಿಯಲ್ಲಿ ಜಾರುತ್ತದೆ,
ಬಿಟ್ಟರೆ ಮೂಗಿಗೇ ಬರುತ್ತದೆ.
ಐವತ್ತು ಮೀಟರಿಗೆ ನಲವತ್ಮೂರು ಸೆಕೆಂಡು, ಎಂಟು.
ಅವರು ಅದನ್ನು ಬಾಯಿಬಿಟ್ಟು ಓದುವುದಿಲ್ಲ,
ಗಡಿಯಾರವನ್ನೇ ನನ್ನ ಕಡೆ ತಿರುಗಿಸುತ್ತಾರೆ,
ಡಾಕ್ಟರು ಎಕ್ಸ್‌ರೇ ತೋರಿಸಿದ ಹಾಗೆ.

ರಸಾಯನಶಾಸ್ತ್ರದ ಪುಸ್ತಕದ ಕೊನೆಯ ಹಾಳೆಗೆ
ಮಂಗಳೂರಿನ ಕಾಲೇಜೊಂದರ ನೋಟೀಸು,
ಮಡಿಕೆ ಬಿದ್ದಲ್ಲಿ ಅಕ್ಷರ ಅಳಿಸಿದೆ:
ಕ್ರೀಡಾ ಕೋಟಾ. ಫೀ ಮಾಫಿ. ಹಾಸ್ಟೆಲು, ಊಟ.
ರಾಜ್ಯಮಟ್ಟದಲ್ಲಿ ಈಜಿರಬೇಕು.
ಅಲ್ಲಿಗೆ ಹೋಗಲು ಮೂವತ್ತಾರು ಬೇಕಂತೆ.
ನಡುವೆ ಉಳಿದದ್ದು ಏಳು ಚಿಲ್ಲರೆ ಸೆಕೆಂಡು,
ಅವ್ವ ಲಾಳಿಯೊಳಗೆ ಕಂಡಿಕೆ ಬದಲಿಸುವಷ್ಟು ಹೊತ್ತು.
ಅಷ್ಟರಲ್ಲಿ ನನ್ನ ಮೂರು ವರ್ಷ ಕೂತಿವೆ.

ಈಜುವ ಕನ್ನಡಕ ಎರಡು ಸೀರೆಯ ಕೂಲಿ.
ಅವ್ವ ಕೇಳಿದ್ದು ಒಂದೇ:
"ಆ ಅರಿವಿ ಮಣಕಾಲಿಗೆ ಬರತೈತೇನ?"
ಬರುತ್ತದೆ ಎಂದೆ. ಸರಿ ಎಂದಳು.
ಚಿಗವ್ವ ಮಾತ್ರ ನನ್ನ ಕೂದಲು ಮೂಸಿ
"ಆಸ್ಪತ್ರಿ ತೊಳದ ವಾಸನಿ" ಎಂದು
ಬೇರೆ ಚಾಪೆಗೆ ಹೋಗಿ ಮಲಗಿದಳು.

ಒಂದು ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟು
ನಮ್ಮ ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದವು.
ಆ ಮೌನಕ್ಕೆ ನಿದ್ದೆ ಬರದೆ
ಅಪ್ಪ ಮುಂಜಾನೆ ನನ್ನ ಹಿಂದೆಯೇ ಬಂದ.
ಕೊಳದ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟ.
ಈಜು ಬಾರದವ. ಕಿವಿಯೂ ಅರ್ಧ,
ಮೂವತ್ತು ವರ್ಷದ ಖಟ್ ಖಟ್‌ನಲ್ಲಿ ಸವೆದದ್ದು.
ಕಣ್ಣು ಮುಚ್ಚಿ ಕೂತ. ಮಲಗಿದ ಅಂದುಕೊಂಡೆ.
ನಾಲ್ಕು ಸುತ್ತು ಮುಗಿಸಿ ಗೋಡೆ ಹಿಡಿದಾಗ
ಬಗ್ಗಿ ಅಂದ:

"ಯವ್ವಾ, ನಿನ್ನ ಎಡಗೈ ತಡಾ ಬರತೈತಿ.
ಬಲಗೈ ಹೋತು, ಎಡಗೈ ಎಲ್ಲೋ ನಿಂತು ಬಂತು.
ಮಗ್ಗ ಹಿಂಗ ಸಪ್ಪಳಾ ಮಾಡಿದ್ರ
ಲಾಳಿ ಹಾರಿ ಹೊರಗ ಬೀಳತೈತಿ."

ಸರ್ ಗಡಿಯಾರ ಕಿಸೆಗೆ ಹಾಕಿದರು.
ಮತ್ತೆ ಈಜು ಎಂದರು, ಈ ಸಲ
ಅಪ್ಪನ ಬೆರಳನ್ನೇ ನೋಡುತ್ತ.
ತೊಡೆಯ ಮೇಲೆ ಅದು ಬಡಿಯುತ್ತಿತ್ತಂತೆ,
ಅತ್ತ, ಇತ್ತ, ಅತ್ತ,
ಒಂದೆಡೆ ತಡವರಿಸಿ, ಇತ್ತ.
"ಉಸಿರು," ಅಂದರು ಸರ್, ತಮಗೇ ಹೇಳಿಕೊಂಡಂತೆ.
"ಬಲಕ್ಕ ಉಸಿರು ತಗೊಳ್ಳೋವಾಗ
ಎಡಗೈ ಮರೀತಾಳ."

ಈಗ ರಾತ್ರಿ ಮಗ್ಗದ ಬದಿಗೆ ನಿಂತು
ಗಾಳಿಯಲ್ಲಿ ಕೈ ತಿರುಗಿಸುತ್ತೇನೆ.
ಕೆಂಪು ದಡಿಯ ಸೀರೆ
ಎಳೆ ಎಳೆಯಾಗಿ ಬೆಳೆಯುತ್ತದೆ.
ತಪ್ಪಿದರೆ ಅಪ್ಪ ತಿರುಗಿ ನೋಡುವುದಿಲ್ಲ,
ಕೆಮ್ಮುತ್ತಾನೆ.

ನಿನ್ನೆ ನಲವತ್ತೊಂದು, ಎರಡು.
ಜಿಲ್ಲಾ ಸ್ಪರ್ಧೆಗೆ ಇನ್ನು ಇಪ್ಪತ್ತಾರು ಮುಂಜಾವು.
ಆಗುತ್ತದೋ ಇಲ್ಲವೋ, ಚಿನ್ಮಯಿಗೂ ಗೊತ್ತಿಲ್ಲ.
ಮಗ್ಗದ ಹಿಂದಿನ ಗೋಡೆಯಲ್ಲಿ,
ನೂಲಿನ ಸಾವುಕಾರನ ಬಾಕಿ ಬರೆಯುವಲ್ಲಿ,
ಅಪ್ಪ ಸೀಮೆಸುಣ್ಣದಿಂದ ೪೧.೨ ಎಂದು ಬರೆದ.
ಕೆಳಗೆ ಗೆರೆ ಎಳೆಯಲಿಲ್ಲ.